ಲೆಕ್ಕ ಎಲ್ಲಿ ನಿಂತಿತು?

ಎಲ್ಲರಿಗೂ ನಮಸ್ಕಾರ.

ಡಿಗ್ರಿ ತರಗತಿಯ ಭೌತಶಾಸ್ತ್ರ ಮತ್ತು ಗಣಿತದ ಹೋಂವರ್ಕ್‌ಗೆ ಸಹಾಯ ಪಡೆಯುವುದು ಹೇಗೆ ಅನ್ನುವುದು ನನಗೆ ಕೊಟ್ಟಿರುವ ವಿಷಯ. ನಾಳೆ ಒಪ್ಪಿಸಬೇಕಾದ ಅಸೈನ್‌ಮೆಂಟ್ ನಿಮ್ಮಲ್ಲಿ ಕೆಲವರ ಬ್ಯಾಗಿನಲ್ಲೇ ಇರಬಹುದು. ಅದರ ಉತ್ತರ ನನ್ನಿಂದ ಸಿಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಉತ್ತರದ ವಿಚಾರದಿಂದಲೇ ಶುರು ಮಾಡೋಣ. ಹೋಂವರ್ಕಿನ ಉತ್ತರಕ್ಕೆ ಬೆಲೆ ಎಷ್ಟು? ಇಳಿಜಾರಿನಲ್ಲಿ ಉರುಳುವ ಸಿಲಿಂಡರಿನ ವೇಗೋತ್ಕರ್ಷ ಎಷ್ಟು ಎಂದು ನಿಮ್ಮ ಮೇಷ್ಟ್ರು ಕೇಳಿದ್ದಾರೆ. ಅವರಿಗೆ ಗೊತ್ತಿಲ್ಲದೆ ಕೇಳಿದ್ದಲ್ಲ. ನೀವು ಕೊಟ್ಟ ಉತ್ತರವನ್ನು ನಂಬಿಕೊಂಡು ಯಾರೂ ಯಂತ್ರ ಕಟ್ಟುವುದಿಲ್ಲ. ತಿದ್ದಿ ಅಂಕ ಹಾಕಿದ ಮೇಲೆ ಆ ಹಾಳೆ ರದ್ದಿಗೆ ಹೋಗುತ್ತದೆ. ಅದನ್ನು ಬರೆಯುವಾಗ ನಿಮ್ಮ ತಲೆಯೊಳಗೆ ಏನು ನಡೆಯಿತೋ ಅಷ್ಟೇ ಉಳಿಯುವುದು. ಸಹಾಯ ಬೇಕು ಎಂದು ಹೋಗಿ ಉತ್ತರ ಕೇಳಿದಿರಿ ಅಂದರೆ, ಇಡೀ ವ್ಯವಹಾರದಲ್ಲಿ ಯಾರಿಗೂ ಬೇಡವಾದ ಒಂದೇ ಒಂದು ವಸ್ತುವನ್ನು ಹುಡುಕಿ ಕೇಳಿದ ಹಾಗಾಯಿತು.

ಹಾಗಂತ, ಯಾರನ್ನೂ ಕೇಳದೆ ಒಬ್ಬರೇ ಗುದ್ದಾಡಿ ಎನ್ನುವವರ ಗುಂಪಿನವನಲ್ಲ ನಾನು. ಕೇಳದೆ ಇರುವುದೇ ಜಾಣತನ ಅನ್ನುವ ಭಾವನೆ ನಮ್ಮ ವಿಷಯಗಳಲ್ಲಿ ಸ್ವಲ್ಪ ಜಾಸ್ತಿ. ಇತಿಹಾಸ ನೋಡಿದರೆ ಅದಕ್ಕೆ ಆಧಾರ ಸಿಗುವುದಿಲ್ಲ.

1912ರಲ್ಲಿ ಐನ್‌ಸ್ಟೈನ್ ಜ್ಯೂರಿಕ್‌ಗೆ ಮರಳಿದಾಗ ಗುರುತ್ವವನ್ನು ಕುರಿತ ಅವರ ಯೋಚನೆ ಒಂದು ಕಡೆ ಬಂದು ನಿಂತುಬಿಟ್ಟಿತ್ತು. ಭೌತಶಾಸ್ತ್ರದ ಕಡೆಯಿಂದ ಏನು ಬೇಕು ಅನ್ನುವುದು ಗೊತ್ತಿತ್ತು, ಅದನ್ನು ಬರೆಯಲು ಬೇಕಾದ ಗಣಿತ ಗೊತ್ತಿರಲಿಲ್ಲ. ಓದುವ ಕಾಲದಲ್ಲಿ ಯಾರ ನೋಟ್ಸ್ ಹಿಡಿದು ಪರೀಕ್ಷೆಗೆ ತಯಾರಾಗಿದ್ದರೋ ಅದೇ ಸಹಪಾಠಿ ಮಾರ್ಸೆಲ್ ಗ್ರಾಸ್‌ಮನ್ ಆ ಹೊತ್ತಿಗೆ ಅಲ್ಲಿ ಗಣಿತದ ಪ್ರೊಫೆಸರ್ ಆಗಿದ್ದರು. ಐನ್‌ಸ್ಟೈನ್ ಅವರ ಬಳಿ ಹೋದರು. ಗುರುತ್ವದ ಸಿದ್ಧಾಂತ ಮಾಡಿಕೊಡು ಎಂದು ಕೇಳಲಿಲ್ಲ. ಯಾವ ನಿರ್ದೇಶಾಂಕಗಳನ್ನು ಹಿಡಿದರೂ ಸಮೀಕರಣದ ರೂಪ ಕೆಡದಂಥ ಗಣಿತ ಯಾವುದಾದರೂ ಇದೆಯೇ ಅನ್ನುವುದು ಅವರಿಗೆ ಬೇಕಿದ್ದ ವಿಷಯ. ಗ್ರಾಸ್‌ಮನ್ ರೀಮನ್‌ರ ಜ್ಯಾಮಿತಿಯನ್ನೂ ಅದರ ಮೇಲೆ ರಿಚ್ಚಿ ಮತ್ತು ಲೆವಿ-ಚಿವಿಟಾ ಮಾಡಿದ್ದ ಕೆಲಸವನ್ನೂ ತೋರಿಸಿದರು. 1913ರಲ್ಲಿ ಇಬ್ಬರೂ ಸೇರಿ ಪ್ರಬಂಧ ಪ್ರಕಟಿಸಿದಾಗ ಭೌತಶಾಸ್ತ್ರದ ಭಾಗ ಯಾರದ್ದು, ಗಣಿತದ ಭಾಗ ಯಾರದ್ದು ಎಂದು ಅದರಲ್ಲೇ ನಮೂದಿಸಿದ್ದರು. ಆ ಪ್ರಬಂಧದ ಗುರುತ್ವ ಸಮೀಕರಣಗಳು ಸರಿಯಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಸರಿಯಾದವು ಬರಲು 1915ರ ನವೆಂಬರ್ ಆಗಬೇಕಾಯಿತು, ಆ ದಾರಿಯನ್ನು ಐನ್‌ಸ್ಟೈನ್ ಅವರೇ ನಡೆಯಬೇಕಾಯಿತು. ನಿಜವಾದ ಸಹಾಯ ಸಿಕ್ಕಿದ ಮೇಲೂ ನಿಮ್ಮ ಪಾಲಿನ ಕೆಲಸ ಇದ್ದೇ ಇರುತ್ತದೆ.

1925ರಲ್ಲಿ ಹೈಸನ್‌ಬರ್ಗ್‌ರದ್ದೂ ಹೆಚ್ಚುಕಡಿಮೆ ಇದೇ ಕಥೆ. ಪರಮಾಣುಗಳ ಭೌತಶಾಸ್ತ್ರಕ್ಕಾಗಿ ಅವರು ಕಂಡುಕೊಂಡ ಗುಣಾಕಾರದಲ್ಲಿ ಹಿಂದುಮುಂದು ಮಾಡಿದರೆ ಉತ್ತರ ಬದಲಾಗುತ್ತಿತ್ತು. ಅದು ಅವರಿಗೆ ಇರುಸುಮುರುಸು. ಕೈಬರಹ ನೋಡಿದ ಮ್ಯಾಕ್ಸ್ ಬಾರ್ನ್, ತಾವು ವಿದ್ಯಾರ್ಥಿಯಾಗಿದ್ದಾಗ ಕಲಿತ ಮ್ಯಾಟ್ರಿಕ್ಸ್ ಗುಣಾಕಾರವೇ ಇದು ಎಂದು ಗುರುತು ಹಿಡಿದರು. ಇವತ್ತು ಮೊದಲ ವರ್ಷದವರಿಗೆ ಬರುವ ಮ್ಯಾಟ್ರಿಕ್ಸ್ ಅಂದು ಹೈಸನ್‌ಬರ್ಗ್‌ಗೆ ಗೊತ್ತಿರಲಿಲ್ಲ.

ಈ ಇಬ್ಬರ ಕಥೆಯಲ್ಲೂ ನಾನು ಗಮನಿಸುವುದು ಸಹಾಯ ಮಾಡಿದವರ ಪಾಂಡಿತ್ಯವನ್ನಲ್ಲ, ಕೇಳಿದವರ ತಯಾರಿಯನ್ನು. ಯಾವ ಜಾಗದಲ್ಲಿ ನಿಂತಿದ್ದೇವೆ ಅನ್ನುವುದು ಅವರಿಗೆ ಸ್ಪಷ್ಟವಾಗಿತ್ತು. ನಮ್ಮ ವಿದ್ಯಾರ್ಥಿಗಳಿಂದ ನಾನು ಅತಿ ಹೆಚ್ಚು ಕೇಳಿರುವ ವಾಕ್ಯ ಬೇರೆ: "ಸರ್, ನನಗೆ ಈ ಚಾಪ್ಟರೇ ಅರ್ಥ ಆಗ್ತಿಲ್ಲ." ಮೈಯೆಲ್ಲ ನೋವು ಎಂದು ಹೇಳಿಕೊಂಡು ಬಂದ ರೋಗಿಗೆ ಯಾವ ವೈದ್ಯರು ತಾನೇ ಏನು ಮಾಡಿಯಾರು? ಒಂದೊಂದೇ ಕಡೆ ಒತ್ತಿ, ಇಲ್ಲಿ ನೋವಿದೆಯೇ, ಇಲ್ಲಿ, ಎಂದು ಕೇಳುತ್ತಾ ಹೋಗಬೇಕು. ಲೆಕ್ಕದಲ್ಲಿ ಆ ಒತ್ತಿ ನೋಡುವ ಕೆಲಸವನ್ನು ನೀವೇ ಮಾಡಿಕೊಂಡು ಬರಬಹುದು. ಎಷ್ಟೋ ಸಲ ಅಷ್ಟು ಮಾಡುವಷ್ಟರಲ್ಲಿ ಲೆಕ್ಕವೇ ಬಿಟ್ಟುಕೊಳ್ಳುತ್ತದೆ.

ಒಂದು ಉದಾಹರಣೆ ಬೋರ್ಡಿನ ಮೇಲೆ ಬರೆಯುತ್ತೇನೆ. ಒಂದನ್ನು ಎಕ್ಸ್ ವರ್ಗದಿಂದ ಭಾಗಿಸಿದ ಫಂಕ್ಷನ್. ಮೈನಸ್ 1ರಿಂದ 1ರವರೆಗೆ ಇಂಟಿಗ್ರೇಟ್ ಮಾಡಿ. ಸೂತ್ರ ಎಲ್ಲರಿಗೂ ಬಾಯಿಪಾಠ: ಇಂಟಿಗ್ರಲ್ ಅಂದರೆ ಮೈನಸ್ ಒಂದು ಬೈ ಎಕ್ಸ್. ಮೇಲಿನ ಮಿತಿ ಹಾಕಿದರೆ ಮೈನಸ್ 1, ಕೆಳಗಿನ ಮಿತಿ ಹಾಕಿದರೆ 1. ಕಳೆದರೆ ಮೈನಸ್ 2. ಮುಗಿಯಿತು.

ವಿದ್ಯಾರ್ಥಿ ಪುಸ್ತಕದ ಹಿಂದೆ ನೋಡುತ್ತಾನೆ. ಇಂಟಿಗ್ರಲ್ ಡೈವರ್ಜ್ ಆಗುತ್ತದೆ, ಅಂದರೆ ಅದಕ್ಕೆ ನಿಗದಿತ ಬೆಲೆಯೇ ಇಲ್ಲ, ಎಂದಿದೆ. ಈಗ ಅವನ ಮುಂದೆ ಎರಡು ದಾರಿ. ಒಂದು, ಯಾರಿಗಾದರೂ ಫೋಟೊ ಕಳಿಸಿ "ಇದನ್ನು ಬಿಡಿಸಿಕೊಡಿ" ಎನ್ನುವುದು. ಆಗ ಯಾರೋ ಪುಣ್ಯಾತ್ಮರು ಐದು ಸಾಲು ಬರೆದು ಕಳಿಸುತ್ತಾರೆ, ಇವನು ಅದನ್ನು ಮಕ್ಕಿಕಾಮಕ್ಕಿ ಇಳಿಸಿಕೊಳ್ಳುತ್ತಾನೆ. ಇವನ ಮೈನಸ್ 2 ಯಾಕೆ ತಪ್ಪು ಅನ್ನುವುದು ಆ ಐದು ಸಾಲಿನಲ್ಲಿ ಎಲ್ಲೂ ಇರುವುದಿಲ್ಲ. ಸರಿಯಾದ ದಾರಿ ತೋರಿಸಿದ ಮಾತ್ರಕ್ಕೆ ತಪ್ಪು ದಾರಿ ಮುಚ್ಚುವುದಿಲ್ಲ. ಮುಂದಿನ ಸಲ ಫಂಕ್ಷನ್ ಸ್ವಲ್ಪ ಬದಲಾದರೆ ಮತ್ತೆ ಅದೇ ದಾರಿ ಹಿಡಿಯುತ್ತಾನೆ.

ಇನ್ನೊಂದು ದಾರಿ, ತನ್ನ ಉತ್ತರವನ್ನೇ ಸ್ವಲ್ಪ ಹೊತ್ತು ದಿಟ್ಟಿಸುವುದು. ವರ್ಗದಿಂದ ಭಾಗಿಸಿದ್ದೇವೆ, ಅಂದರೆ ಫಂಕ್ಷನ್ ಎಲ್ಲ ಕಡೆಯೂ ಧನ. ಗ್ರಾಫ್ ಪೂರ್ತಿ ಗೆರೆಯ ಮೇಲ್ಗಡೆ ಇದೆ. ಅದರ ಕೆಳಗಿನ ವಿಸ್ತೀರ್ಣ ಋಣ ಹೇಗಾದೀತು? ಎಡವಟ್ಟು ಎಲ್ಲೋ ಇದೆ ಎಂದು ಇಷ್ಟರಲ್ಲೇ ಗೊತ್ತಾಯಿತು, ಪುಸ್ತಕದ ಹಿಂಭಾಗ ಬೇಕಾಗಲಿಲ್ಲ. ಎಲ್ಲಿ ಅಂತ ಹುಡುಕೋಣ. ಸೊನ್ನೆಯ ಹತ್ತಿರ ಫಂಕ್ಷನ್ ಆಕಾಶಕ್ಕೆ ಹೋಗುತ್ತದೆ. ಆ ಜಾಗ ಬಿಟ್ಟು, 0.1ರಿಂದ 1ರವರೆಗೆ ಮಾತ್ರ ಲೆಕ್ಕ ಹಾಕಿ: 9 ಬರುತ್ತದೆ. 0.01ರಿಂದ ಹಾಕಿ: 99. 0.001ರಿಂದ: 999. ಹೋಗುತ್ತಲೇ ಇದೆ. ಈಗ ಅವನ ಪ್ರಶ್ನೆ ಹೀಗಾಗುತ್ತದೆ: "ನಡುವೆ ಫಂಕ್ಷನ್ ಒಡೆದುಹೋದಾಗ ಎರಡು ತುದಿಯ ಬೆಲೆ ಕಳೆಯುವ ಸೂತ್ರ ಯಾಕೆ ನಡೆಯುವುದಿಲ್ಲ?" ಈ ಪ್ರಶ್ನೆಯನ್ನು ಮೇಷ್ಟ್ರ ಮುಂದಿಟ್ಟರೆ ಎರಡೇ ನಿಮಿಷದ ಉತ್ತರ, ಆ ಸೂತ್ರದ ಹಿಂದಿರುವ ಕಲನಶಾಸ್ತ್ರದ ಮೂಲ ಪ್ರಮೇಯದ ಷರತ್ತುಗಳು ಯಾಕಿವೆ ಅನ್ನುವುದು ಜೀವಮಾನಕ್ಕೆ ನೆನಪಿರುತ್ತದೆ. ಷರತ್ತುಗಳನ್ನು ನಾವು ಸಾಮಾನ್ಯವಾಗಿ ವಿಮಾ ಪಾಲಿಸಿಯ ಸಣ್ಣಕ್ಷರ ಓದುವಷ್ಟೇ ಶ್ರದ್ಧೆಯಿಂದ ಓದುತ್ತೇವೆ ನೋಡಿ.

ಪ್ರೂಫ್ ಕೇಳುವ ಪ್ರಶ್ನೆಗಳ ಸಂಕಟ ಬೇರೆ ತರಹದ್ದು. ಅಲ್ಲಿ "ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗ್ತಿಲ್ಲ" ಅನ್ನುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಪ್ರಶ್ನೆಯಲ್ಲಿರುವ ಪದಗಳ ವ್ಯಾಖ್ಯೆ ಬರೆದಿದ್ದೀರಾ? ಹತ್ತರಲ್ಲಿ ಏಳೆಂಟು ಸಲ ಬರೆದಿರುವುದಿಲ್ಲ. ಕಂಟಿನ್ಯೂಯಸ್ ಫಂಕ್ಷನ್‌ಗಳ ಸರಣಿಯೊಂದು ಕನ್ವರ್ಜ್ ಆದರೆ, ಅಂದರೆ ಒಂದು ಫಂಕ್ಷನ್ನಿನ ಹತ್ತಿರ ಹೋಗುತ್ತಾ ಇದ್ದರೆ, ಬಂದ ಫಂಕ್ಷನ್ ಕಂಟಿನ್ಯೂಯಸ್, ಅಂದರೆ ಎಲ್ಲೂ ಕಡಿಯದ್ದು, ಆಗಿರುತ್ತದೆಯೇ ಎಂಬ ಪ್ರಶ್ನೆ ತೆಗೆದುಕೊಳ್ಳಿ. ಆಗಿರುತ್ತದೆ ಎಂದು ಧೈರ್ಯವಾಗಿ ಬರೆದು ಸೊನ್ನೆ ತೆಗೆದುಕೊಂಡವರು ಬೇಜಾರು ಮಾಡಿಕೊಳ್ಳಬೇಡಿ. 1821ರಲ್ಲಿ ಕೋಶಿ ಅಂಥ ಮಹಾನುಭಾವರೇ ಅದನ್ನು ಪ್ರಮೇಯವೆಂದು ಅಚ್ಚು ಹಾಕಿಸಿದ್ದರು. ಇದಕ್ಕೆ ಅಪವಾದಗಳಿವೆಯಲ್ಲ ಎಂದು ಆಬೆಲ್ 1826ರಲ್ಲಿ ಒಂದು ಸೈನ್ ಶ್ರೇಣಿಯನ್ನು ತೋರಿಸಿ ಹೇಳಿದರು. ಯೂನಿಫಾರ್ಮ್ ಕನ್ವರ್ಜೆನ್ಸ್, ಅಂದರೆ ಎಲ್ಲ ಬಿಂದುಗಳಲ್ಲೂ ಒಂದೇ ಹದದಲ್ಲಿ ಹತ್ತಿರವಾಗುವುದು, ಬೇಕು ಅನ್ನುವುದು ಸ್ಟೋಕ್ಸ್ ಮತ್ತು ಸೈಡೆಲ್ ಕೈಯಲ್ಲಿ ರೂಪ ತಾಳಲು 1847 ಬಂತು. ಆ ಕಾಲು ಶತಮಾನದ ತೊಡಕನ್ನು ನೀವು ಒಂದು ವಾರದ ಅಸೈನ್‌ಮೆಂಟಿನಲ್ಲಿ ದಾಟಬೇಕಾಗಿದೆ, ಕಷ್ಟವಾಗುವುದು ಸಹಜ. ಆದರೆ ಆಬೆಲ್ ಮಾಡಿದ್ದನ್ನು ನೀವೂ ಮಾಡಬಹುದು. ಉದಾಹರಣೆ ಹುಡುಕಿ. 0ಯಿಂದ 1ರವರೆಗೆ ಎಕ್ಸ್, ಎಕ್ಸ್ ವರ್ಗ, ಎಕ್ಸ್ ಘನ ಎಂದು ಘಾತ ಏರಿಸುತ್ತಾ ಹೋಗಿ. 1ರ ಕೆಳಗೆ ಎಲ್ಲವೂ ಸೊನ್ನೆಗೆ ಇಳಿಯುತ್ತವೆ, 1ರಲ್ಲಿ ಮಾತ್ರ 1 ಆಗಿಯೇ ನಿಲ್ಲುತ್ತವೆ. ನುಣುಪಾದ ಗೆರೆಗಳು ಸೇರಿ ಕಡಿದುಹೋದ ಗೆರೆ ಕೊಟ್ಟವು. ಈ ಉದಾಹರಣೆ ಕೈಯಲ್ಲಿ ಹಿಡಿದುಕೊಂಡು ಮೇಷ್ಟ್ರ ಕೋಣೆಗೆ ಹೋದರೆ ಮಾತುಕತೆಯೇ ಬೇರೆ ಮಟ್ಟದಲ್ಲಿ ನಡೆಯುತ್ತದೆ.

ಭೌತಶಾಸ್ತ್ರಕ್ಕೆ ಬರೋಣ. ಆಗಲೇ ಹೇಳಿದೆನಲ್ಲ, ಇಳಿಜಾರಿನಲ್ಲಿ ಜಾರದೆ ಉರುಳುವ ಗಟ್ಟಿ ಸಿಲಿಂಡರ್. ಬಹಳ ಮಂದಿ ಮಾಡುವುದು ಹೀಗೆ: ಘರ್ಷಣೆ ಕಂಡ ಕೂಡಲೇ ಮ್ಯೂ ಗುಣಿಸು ಎನ್ ಎಂದು ಬರೆಯುತ್ತಾರೆ (ಮ್ಯೂ ಘರ್ಷಣೆಯ ಗುಣಾಂಕ, ಎನ್ ಮೇಲ್ಮೈ ಲಂಬವಾಗಿ ತಳ್ಳುವ ಬಲ). ಇಳಿಜಾರು ಮತ್ತು ಘರ್ಷಣೆ ಇರುವ ಹಳೆಯ ಲೆಕ್ಕದಲ್ಲಿ ಹಾಗೇ ಬರೆದಿದ್ದರಲ್ಲ. ಉತ್ತರವಾಗಿ ಜಿ ಸೈನ್ ಥೀಟಾದಲ್ಲಿ ಮ್ಯೂ ಜಿ ಕಾಸ್ ಥೀಟಾ ಕಳೆದ ಬೆಲೆ ಬರುತ್ತದೆ (ಜಿ ಗುರುತ್ವದ ವೇಗೋತ್ಕರ್ಷ, ಥೀಟಾ ಇಳಿಜಾರಿನ ಕೋನ). ನೋಡಲು ಲಕ್ಷಣವಾಗಿಯೇ ಇದೆ. ಈಗ ಒಂದು ಪರೀಕ್ಷೆ ಮಾಡಿ. ಇಳಿಜಾರನ್ನು ನಿಧಾನವಾಗಿ ಮಟ್ಟ ಮಾಡಿ, ಥೀಟಾ ಸೊನ್ನೆ ಆಗಲಿ. ನಿಮ್ಮ ಉತ್ತರದ ಪ್ರಕಾರ ವೇಗೋತ್ಕರ್ಷ ಮೈನಸ್ ಮ್ಯೂ ಜಿ. ಅಂದರೆ ಸಮತಟ್ಟು ನೆಲದ ಮೇಲೆ ಸುಮ್ಮನೆ ಇಟ್ಟ ಸಿಲಿಂಡರ್ ತಾನಾಗಿ ಹಿಂದಕ್ಕೆ ಹೊರಡುತ್ತದೆ! ಇದನ್ನು ಕಂಡಾಗ ಸಂಶಯ ಬರಬೇಕಾದದ್ದು ಘರ್ಷಣೆಯ ಮೇಲೆ. ಜಾರದೆ ಉರುಳುವಾಗ ನೆಲ ಮುಟ್ಟಿದ ಬಿಂದು ಆ ಕ್ಷಣಕ್ಕೆ ನಿಂತಿರುತ್ತದೆ, ಅದು ಸ್ಥಿತಿ ಘರ್ಷಣೆ. ಮ್ಯೂ ಎನ್ ಎನ್ನುವುದು ಅದರ ಗರಿಷ್ಠ ಮಿತಿ ಮಾತ್ರ. ಎಷ್ಟು ಬೇಕೋ ಅಷ್ಟೇ ಘರ್ಷಣೆ ಹುಟ್ಟುತ್ತದೆ, ಎಷ್ಟು ಬೇಕು ಅನ್ನುವುದನ್ನು ನೀವೇ ಕಂಡುಹಿಡಿಯಬೇಕು. ಟಾರ್ಕಿನ, ಅಂದರೆ ತಿರುಗಿಸುವ ಬಲದ, ಸಮೀಕರಣ ಸೇರಿಸಿಕೊಂಡರೆ ವೇಗೋತ್ಕರ್ಷ ಜಿ ಸೈನ್ ಥೀಟಾದ ಮೂರರಲ್ಲಿ ಎರಡು ಪಾಲು. ಮ್ಯೂ ಇಲ್ಲವೇ ಇಲ್ಲ, ದ್ರವ್ಯರಾಶಿ ಇಲ್ಲ, ತ್ರಿಜ್ಯವೂ ಇಲ್ಲ. ಥೀಟಾ ಸೊನ್ನೆ ಮಾಡಿದರೆ ಸಿಲಿಂಡರ್ ಮರ್ಯಾದೆಯಿಂದ ಸುಮ್ಮನೆ ಕೂರುತ್ತದೆ.

ಇಲ್ಲಿ ತಪ್ಪಿದ್ದು ಗಣಿತವಲ್ಲ. "ಇದು ಇಳಿಜಾರಿನ ಲೆಕ್ಕ" ಎಂದು ಗುರುತು ಹಾಕಿಕೊಂಡದ್ದರಲ್ಲಿ. ಮಿಶೆಲಿನ್ ಚೀ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನೇ ತೋರಿಸಿತು. ಭೌತಶಾಸ್ತ್ರದ ಲೆಕ್ಕಗಳನ್ನು ಬರೆದ ಕಾರ್ಡುಗಳನ್ನು ಕೊಟ್ಟು, ಒಂದೇ ಜಾತಿಯವನ್ನು ಒಟ್ಟಿಗೆ ಇಡಿ ಎಂದರು. ಹೊಸಬರು ಇಳಿಜಾರಿನವು ಒಂದು ಕಡೆ, ಸ್ಪ್ರಿಂಗಿನವು ಇನ್ನೊಂದು ಕಡೆ ಇಟ್ಟರು. ಪಳಗಿದವರು ಶಕ್ತಿ ಸಂರಕ್ಷಣೆಯವು ಒಂದು ಕಡೆ, ನ್ಯೂಟನ್‌ರ ಎರಡನೇ ನಿಯಮದವು ಮತ್ತೊಂದು ಕಡೆ ಇಟ್ಟರು. ಕಣ್ಣಿಗೆ ಕಾಣುವ ಸಾಮಾನಿನ ಮೇಲೆ ವಿಂಗಡಿಸುವುದಕ್ಕೂ ಒಳಗಿನ ನಿಯಮದ ಮೇಲೆ ವಿಂಗಡಿಸುವುದಕ್ಕೂ ಇರುವ ಅಂತರವೇ ಕಲಿಕೆ. ಆದ್ದರಿಂದ ಸಹಾಯ ಕೇಳುವಾಗ "ಮುಂದಿನ ಸ್ಟೆಪ್ ಏನು" ಎನ್ನುವುದಕ್ಕಿಂತ "ಈ ಲೆಕ್ಕಕ್ಕೆ ಈ ನಿಯಮವೇ ಬೇಕು ಅಂತ ನಿಮಗೆ ಹೇಗೆ ಹೊಳೆಯಿತು" ಎಂದು ಕೇಳಿ ನೋಡಿ. ಸಹಾಯ ಮಾಡುವವರು ಒಂದು ಕ್ಷಣ ತಡವರಿಸುತ್ತಾರೆ. ಯಾಕೆಂದರೆ ಅದು ಪುಸ್ತಕದಲ್ಲಿ ಬರೆದಿರುವುದಿಲ್ಲ, ಅವರೂ ಯೋಚಿಸಿ ಹೇಳಬೇಕು.

ಅದೇ ಚೀ ಅವರ ಬಳಗ 1989ರಲ್ಲಿ ಇನ್ನೊಂದು ಕೆಲಸ ಮಾಡಿತು. ಬಿಡಿಸಿಟ್ಟ ಲೆಕ್ಕಗಳನ್ನು ವಿದ್ಯಾರ್ಥಿಗಳು ಹೇಗೆ ಓದುತ್ತಾರೆ ಎಂದು ಗಮನಿಸಿದರು. ಮುಂದೆ ಚೆನ್ನಾಗಿ ಬಿಡಿಸಿದವರು ಓದುವಾಗ ಪ್ರತಿ ಸಾಲಿಗೂ ತಮಗೆ ತಾವೇ ಕಾರಣ ಹೇಳಿಕೊಳ್ಳುತ್ತಿದ್ದರು. ನನಗೆ ಹೆಚ್ಚು ಕುತೂಹಲ ಅನ್ನಿಸಿದ್ದು ಬೇರೆ ಎರಡು ಸಂಗತಿ. "ಇಲ್ಲಿ ನನಗೆ ಅರ್ಥವಾಗಲಿಲ್ಲ" ಎಂದು ಹೆಚ್ಚು ಸಲ ಅಂದವರು ಈ ಚೆನ್ನಾಗಿ ಬಿಡಿಸಿದವರೇ. ಉಳಿದವರಿಗೆ ಎಲ್ಲವೂ ಅರ್ಥವಾದಂತೆಯೇ ಇತ್ತು. ಇನ್ನು ಲೆಕ್ಕ ಬಿಡಿಸುವಾಗ ಹಿಂದಿನ ಉದಾಹರಣೆಗೆ ಮರಳಬೇಕಾಗಿ ಬಂದರೆ, ಚೆನ್ನಾಗಿ ಬಿಡಿಸಿದವರು ತಮಗೆ ಬೇಕಾದ ಒಂದು ಸಾಲನ್ನು ಹುಡುಕಿಕೊಂಡು ಹೋಗುತ್ತಿದ್ದರು, ಉಳಿದವರು ಉದಾಹರಣೆಯನ್ನು ಮತ್ತೆ ಓದಲು ಕೂರುತ್ತಿದ್ದರು.

ಎಷ್ಟು ಹೊತ್ತು ಗುದ್ದಾಡಿ ಆಮೇಲೆ ಕೇಳಬೇಕು? ಇದಕ್ಕೆ ಗಡಿಯಾರದ ಲೆಕ್ಕ ಕೊಡುವವರಿದ್ದಾರೆ, ಅರ್ಧ ಗಂಟೆ, ಒಂದು ಗಂಟೆ ಎಂದು. ನನಗೆ ಗಡಿಯಾರಕ್ಕಿಂತ ಹಾಳೆಯ ಮೇಲೆ ನಂಬಿಕೆ. ಹಾಳೆಯ ಮೇಲೆ ಹೊಸದೇನಾದರೂ ಬರುತ್ತಿರುವವರೆಗೆ, ಒಂದು ಚಿತ್ರ, ಒಂದು ಸುಲಭದ ಉಪಲೆಕ್ಕ, ಒಂದು ಸಂಖ್ಯೆ ಹಾಕಿ ನೋಡಿದ್ದು, ಹೀಗೆ ಏನಾದರೂ, ಮುಂದುವರಿಸಿ. ಅದೇ ಸಮೀಕರಣವನ್ನು ಮೂರನೇ ಸಲ ಬರೆಯುತ್ತಿದ್ದೀರಿ ಅಂದರೆ ಎದ್ದು ಹೋಗಿ ಕೇಳಿ. ವಿಷಯ ತೀರಾ ಹೊಸದಾಗಿದ್ದರೆ ಇನ್ನೂ ಬೇಗ ಕೇಳಿ. ಹೊಸಬರಿಗೆ ಬರಿಗೈಯಲ್ಲಿ ಹೆಣಗುವುದಕ್ಕಿಂತ ಬಿಡಿಸಿದ ಲೆಕ್ಕಗಳನ್ನು ಓದುವುದೇ ಲಾಭ ಎಂದು ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲೇ ಬೀಜಗಣಿತದ ಲೆಕ್ಕಗಳನ್ನಿಟ್ಟುಕೊಂಡು ತೋರಿಸಿದ್ದರು. ಕೈ ಪಳಗಿದಂತೆಲ್ಲ ಆ ಲಾಭ ಇಳಿಯುತ್ತಾ ಹೋಗುತ್ತದೆ ಅನ್ನುವುದೂ ಆಮೇಲಿನ ಸಂಶೋಧನೆಗಳಲ್ಲಿ ಕಂಡಿದೆ. ಚಾಪ್ಟರಿನ ಮೊದಲ ಲೆಕ್ಕಕ್ಕೂ ಹದಿನೈದನೇ ಲೆಕ್ಕಕ್ಕೂ ಒಂದೇ ತರಹದ ಸಹಾಯ ಬೇಕಾಗುವುದಿಲ್ಲ.

ಇನ್ನು ಗೆಳೆಯರ ಜೊತೆ ಕೂತು ಮಾಡುವುದು. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಸಂಶೋಧಕರಿಗೆ ಒಂದು ಪ್ರಶ್ನೆ ಕಾಡಿತು. ಕ್ಯಾಲ್ಕುಲಸ್ ಕೋರ್ಸಿನಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳಲ್ಲಿ ಅನೇಕರು ಹಿಂದೆ ಬೀಳುತ್ತಿದ್ದರು, ಚೀನಾ ಮೂಲದವರು ಮುಂದಿದ್ದರು. ಕಾರಣ ಕೇಳಿದರೆ ಅಧ್ಯಾಪಕರು ಉತ್ಸಾಹ ಸಾಲದು, ತಳಪಾಯ ಸಾಲದು, ಮನೆಯ ಬೆಂಬಲ ಸಾಲದು ಎಂದೆಲ್ಲ ಹೇಳಿದರು. ಟ್ರೈಸ್‌ಮನ್ ಎರಡೂ ಗುಂಪಿನಿಂದ 20 ಜನರನ್ನು ಆರಿಸಿ, ಅವರು ಎಲ್ಲಿ ಹೇಗೆ ಓದುತ್ತಾರೆ ಎಂದು ಬೆನ್ನು ಹತ್ತಿ ನೋಡಿದರು. ಹೇಳಿದ ಕಾರಣಗಳು ಯಾವುವೂ ನಿಲ್ಲಲಿಲ್ಲ. ಕಂಡದ್ದು ಇಷ್ಟು: ಹಿಂದೆ ಬೀಳುತ್ತಿದ್ದವರು ಶ್ರದ್ಧೆಯಿಂದಲೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನಾ ಮೂಲದವರು ಮೊದಲು ಒಬ್ಬೊಬ್ಬರೇ ಕೂತು ಲೆಕ್ಕ ಮಾಡಿ, ಆಮೇಲೆ ಒಟ್ಟು ಸೇರಿ ಒಬ್ಬರದ್ದನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್‌ಮನ್ ಇದಕ್ಕೆ ಕಂಡುಕೊಂಡ ಮದ್ದು ಸುಲಭದ ಲೆಕ್ಕಗಳ ರಿಪೇರಿ ತರಗತಿ ಆಗಿರಲಿಲ್ಲ. ಇನ್ನೂ ಕಷ್ಟದ ಲೆಕ್ಕಗಳನ್ನು ಕೊಟ್ಟು ಗುಂಪಿನಲ್ಲಿ ಕೂರಿಸಿದರು. ಫಲಿತಾಂಶ ಚೆನ್ನಾಗಿ ಬಂತು, ಆ ಮಾದರಿ ಬೇರೆ ಕಡೆಗೂ ಹರಡಿತು.

ಗುಂಪು ಅಂದ ಕೂಡಲೇ ನಾಲ್ಕು ಜನ ಸೇರಿ ಒಬ್ಬನ ನೋಟ್‌ಬುಕ್ ಸುತ್ತ ಬಾಗುವುದಲ್ಲ. ಮೊದಲು ಒಂಟಿಯಾಗಿ, ಆಮೇಲೆ ಜೊತೆಯಾಗಿ ಅನ್ನುವ ಕ್ರಮ ತಪ್ಪಿದರೆ ಗುಂಪಿನಲ್ಲಿ ಕಲಿಯುವವನು ಒಬ್ಬನೇ, ಉಳಿದ ಮೂವರು ಪ್ರೇಕ್ಷಕರು.

ಪ್ರೇಕ್ಷಕರು ಕಾಪಿಕೋರರಾಗಲು ಹೆಚ್ಚು ಹೊತ್ತು ಬೇಕಿಲ್ಲ. ಎಂಐಟಿಯಲ್ಲಿ ಡೇವಿಡ್ ಪ್ರಿಚರ್ಡ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಒಪ್ಪಿಸುವ ಭೌತಶಾಸ್ತ್ರದ ಹೋಂವರ್ಕನ್ನು ಪರಿಶೀಲಿಸಿ 2010ರಲ್ಲಿ ಪ್ರಬಂಧ ಬರೆದರು. ಪ್ರಶ್ನೆ ಓದಿ ಯೋಚಿಸಲು ಬೇಕಾಗುವ ಸಮಯಕ್ಕಿಂತ ಬೇಗ ಸರಿಯುತ್ತರ ಬಂದರೆ ಅದು ಎಲ್ಲಿಂದಲೋ ಇಳಿಸಿದ್ದು, ಅಷ್ಟೇ ಸರಳ ತರ್ಕ. ಒಪ್ಪಿಸುವ ಗಡುವು ಹತ್ತಿರವಾದಷ್ಟೂ ಕಾಪಿ ಹೆಚ್ಚುತ್ತಿತ್ತು. ನನ್ನನ್ನು ಯೋಚನೆಗೆ ಹಚ್ಚಿದ್ದು ಇನ್ನೊಂದು ಅಂಶ. ಕಾಪಿ ಹೊಡೆದವರು ಕೋರ್ಸ್ ಶುರುವಾದಾಗ ದಡ್ಡರೇನೂ ಆಗಿರಲಿಲ್ಲ, ಉಳಿದವರಷ್ಟೇ ತಯಾರಿದ್ದರು. ಸೆಮಿಸ್ಟರ್ ಮುಗಿಯುವಷ್ಟರಲ್ಲಿ, ಸಮೀಕರಣ ಹೂಡಿ ಬಿಡಿಸಬೇಕಾದ ಪರೀಕ್ಷೆಯ ಲೆಕ್ಕಗಳಲ್ಲಿ ಹಿಂದೆ ಬಿದ್ದಿದ್ದರು. ನೈತಿಕ ಪಾಠ ಹೇಳುವ ಆಸೆ ನನಗಿಲ್ಲ. ಗಡುವಿನ ಹಿಂದಿನ ರಾತ್ರಿ ಲೆಕ್ಕ ತೆರೆದರೆ ಒಳ್ಳೆಯವರಿಗೂ ಬೇರೆ ದಾರಿ ಉಳಿಯುವುದಿಲ್ಲ ಅನ್ನುವುದು ವಾಸ್ತವ. ಅಸೈನ್‌ಮೆಂಟ್ ಕೈಗೆ ಬಂದ ದಿನವೇ ಎಲ್ಲ ಪ್ರಶ್ನೆಗಳನ್ನೂ ಒಂದು ಸಲ ಓದಿ, ಪ್ರತಿಯೊಂದಕ್ಕೂ ಚಿತ್ರ ಅಥವಾ ವ್ಯಾಖ್ಯೆ ಬರೆದಿಡಿ. ಎಲ್ಲಿ ನಿಲ್ಲುತ್ತೀರಿ ಅನ್ನುವುದು ಮೊದಲ ದಿನವೇ ಗೊತ್ತಾದರೆ ಕೇಳಲು ಜನರೂ ಸಿಗುತ್ತಾರೆ, ಸಮಯವೂ ಸಿಗುತ್ತದೆ.

ಈಗ ಎಲ್ಲರೂ ಕಾಯುತ್ತಿರುವ ವಿಷಯ: ಎಐ. ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಬಂದ ಮೇಲೆ, ಸಹಾಯ ಮಾಡುವವರು ಮಧ್ಯರಾತ್ರಿಯಲ್ಲೂ ಎದ್ದಿರುತ್ತಾರೆ, ಎಷ್ಟು ಸಲ ಕೇಳಿದರೂ ಸಿಡುಕುವುದಿಲ್ಲ. ನಾನು ಇದನ್ನು ಬೈಯುವುದಿಲ್ಲ. ಅದಕ್ಕೂ ಮುಂಚೆಯೇ ಇಂಟಿಗ್ರಲ್ ಬಿಡಿಸುವ ಸಾಫ್ಟ್‌ವೇರ್‌ಗಳು ದಶಕಗಳಿಂದ ಇವೆ, ಗಣಿತವೇನೂ ಮುಳುಗಲಿಲ್ಲ. ಆದರೆ ಇವುಗಳ ಒಂದು ಗುಣ ಗಮನಿಸಿ. ಮನುಷ್ಯ ಮೇಷ್ಟ್ರಿಗೆ ಅನುಮಾನವಿದ್ದರೆ ದನಿಯಲ್ಲಿ ಗೊತ್ತಾಗುತ್ತದೆ, ಚಾಕ್‌ಪೀಸ್ ನಿಲ್ಲುತ್ತದೆ. ಯಂತ್ರ ತಪ್ಪು ಸಾಲನ್ನೂ ಸರಿ ಸಾಲಿನಷ್ಟೇ ನಯವಾಗಿ ಬರೆಯುತ್ತದೆ. ಅದನ್ನು ಹಿಡಿಯಲು ನಿಮ್ಮ ಬಳಿ ಇರುವ ಸಾಧನಗಳು ಹಳೆಯವೇ: ಎರಡೂ ಕಡೆ ಯೂನಿಟ್ ಒಂದೇ ಇದೆಯೇ, ಥೀಟಾ ಸೊನ್ನೆ ಮಾಡಿದರೆ ಏನಾಗುತ್ತದೆ, ಅವಕಲನ ಸಮೀಕರಣಕ್ಕೆ ಬಂದ ಉತ್ತರವನ್ನು ಮತ್ತೆ ಸಮೀಕರಣದಲ್ಲೇ ಹಾಕಿದರೆ ಸರಿಹೋಗುತ್ತದೆಯೇ. ಯೂನಿಟ್ ಅಂದರೆ ನಗಬೇಡಿ. ಒಂದು ತಂಡ ಪೌಂಡಿನಲ್ಲಿ ಕೊಟ್ಟ ಲೆಕ್ಕವನ್ನು ಇನ್ನೊಂದು ತಂಡ ನ್ಯೂಟನ್ ಎಂದುಕೊಂಡಿದ್ದಕ್ಕೆ 1999ರಲ್ಲಿ ನಾಸಾ ತನ್ನ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯನ್ನೇ ಕಳೆದುಕೊಂಡಿತು.

ಯಂತ್ರಕ್ಕೆ ಪ್ರಶ್ನೆಯ ಫೋಟೊ ಕಳಿಸುವ ಬದಲು ನಿಮ್ಮ ಪ್ರಯತ್ನವನ್ನು ಕಳಿಸಿ. "ನನ್ನ ಬಿಡಿಸುವಿಕೆಯಲ್ಲಿ ಮೊದಲ ತಪ್ಪು ಸಾಲು ಯಾವುದು, ಅಷ್ಟು ಮಾತ್ರ ಹೇಳು, ಮುಂದಿನದನ್ನು ಬಿಡಿಸಬೇಡ" ಎಂದು ಕೇಳಿ. ಇದೇ ಲೆಕ್ಕವನ್ನು ಹೋಲುವ ಬೇರೆ ಲೆಕ್ಕ ಕೊಡು ಎನ್ನಿ. ನಿಮ್ಮ ಕೋರ್ಸಿನಲ್ಲಿ ಇದಕ್ಕೆ ಅನುಮತಿ ಇದೆಯೇ ಎಂದು ಮೊದಲೇ ತಿಳಿದುಕೊಳ್ಳಿ, ಇದ್ದರೆ ಬಳಸಿದ್ದನ್ನು ಹಾಳೆಯ ಮೇಲೆ ಬರೆಯಿರಿ. ಗೆಳೆಯರ ಸಹಾಯವಾದರೂ ಅಷ್ಟೇ. ಐನ್‌ಸ್ಟೈನ್ ಪ್ರಬಂಧದಲ್ಲೇ ಗ್ರಾಸ್‌ಮನ್ ಹೆಸರು ಬಂದಿರುವಾಗ ನಮಗೆ ಸಂಕೋಚ ಯಾಕೆ?

ಸಹಾಯ ಮಾಡುವ ಸೀನಿಯರ್‌ಗಳೂ ಇಲ್ಲಿದ್ದೀರಿ. ನಿಮಗೆ ಹೇಳುವುದು ಒಂದೇ. ಪೆನ್ನು ಯಾರ ಕೈಯಲ್ಲಿದೆ ನೋಡಿಕೊಳ್ಳಿ. ಜೂನಿಯರ್ ಬಂದು ಕೂತ ಕೂಡಲೇ ಪೆನ್ನು ಇಸಿದುಕೊಳ್ಳುವ ಚಟ ನಮಗೆಲ್ಲ ಇದೆ, ಗೊತ್ತಿರುವುದನ್ನು ಬರೆದು ತೋರಿಸುವ ಖುಷಿಯೇ ಬೇರೆ. ಪೆನ್ನು ಅವರ ಕೈಯಲ್ಲೇ ಇರಲಿ. "ಇಲ್ಲಿವರೆಗೆ ಏನು ಮಾಡಿದೆ ಹೇಳು" ಎಂದು ಕೇಳಿ ಬಾಯಿ ಮುಚ್ಚಿಕೊಳ್ಳಿ. ಅವರು ಸುಮ್ಮನಾದರೆ ನೀವೂ ಸ್ವಲ್ಪ ಹೊತ್ತು ಸುಮ್ಮನಿರಿ. ಆ ಮೌನ ತಡೆದುಕೊಳ್ಳುವುದು ಲೆಕ್ಕ ಬಿಡಿಸುವುದಕ್ಕಿಂತ ಕಷ್ಟ.

(ಮಾತು ಮುಗಿದ ಮೇಲೆ ಸಭೆಯಿಂದ ಒಂದು ಪ್ರಶ್ನೆ ಬಂತು: "ಸರ್, ಯಾರಾದರೂ ಹೇಳಿಕೊಟ್ಟಾಗ ಪೂರ್ತಿ ಅರ್ಥವಾಗುತ್ತೆ. ಪರೀಕ್ಷೆಯಲ್ಲಿ ಕೂತರೆ ಕೈ ಓಡಲ್ಲ. ಏನು ಮಾಡೋದು?")

ಹೇಳಿಕೊಟ್ಟಾಗ ಅರ್ಥವಾದದ್ದು ಅವರ ದಾರಿ. ಆ ದಾರಿಯಲ್ಲಿ ನೀವು ಒಬ್ಬರೇ ನಡೆದು ನೋಡಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಗದ್ಯಭಾಗವನ್ನು ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಹೆಚ್ಚು ನೆನಪಿತ್ತು, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ ಒಂದು ವಾರದ ನಂತರ ಹೆಚ್ಚು ನೆನಪಿತ್ತು. ಅದು ಗದ್ಯದ ಮೇಲಿನ ಪ್ರಯೋಗ, ಲೆಕ್ಕದ್ದಲ್ಲ, ಆದರೆ ನಾನು ತರಗತಿಯಲ್ಲಿ ನೋಡುವುದಕ್ಕೆ ಹೊಂದುತ್ತದೆ. ಸಹಾಯ ಪಡೆದ ಲೆಕ್ಕವನ್ನು ಮರುದಿನ ಖಾಲಿ ಹಾಳೆಯ ಮೇಲೆ, ಏನನ್ನೂ ನೋಡದೆ, ಮತ್ತೆ ಮಾಡಿ. ಬಂದರೆ ಒಂದು ಅಂಶ ಬದಲಾಯಿಸಿ ನೋಡಿ. ಗಟ್ಟಿ ಸಿಲಿಂಡರಿನ ಬದಲು ತೆಳುವಾದ ಟೊಳ್ಳು ಸಿಲಿಂಡರ್ ಇಡಿ, ಆಮೇಲೆ ಗಟ್ಟಿ ಗೋಳ. ಮೊದಲನೆಯದಕ್ಕೆ ಜಿ ಸೈನ್ ಥೀಟಾದ ಅರ್ಧ ಬರಬೇಕು, ಎರಡನೆಯದಕ್ಕೆ ಏಳರಲ್ಲಿ ಐದು ಪಾಲು. ಮೂರನ್ನೂ ಒಟ್ಟಿಗೆ ಮೇಲಿನಿಂದ ಬಿಟ್ಟರೆ ಯಾವುದು ಮೊದಲು ಕೆಳಗೆ ಬರುತ್ತದೆ, ಯಾಕೆ ಎಂದು ಪಕ್ಕದವರಿಗೆ ಒಂದೂ ಸಮೀಕರಣ ಬರೆಯದೆ ಹೇಳಲು ಪ್ರಯತ್ನಿಸಿ. ಅದು ಆಯಿತು ಅಂದರೆ ಪರೀಕ್ಷೆಯಲ್ಲಿ ಆ ಅಧ್ಯಾಯದಿಂದ ಏನು ಬಂದರೂ ಶುರು ಮಾಡುವಷ್ಟು ನಿಮ್ಮ ಕೈಯಲ್ಲಿರುತ್ತದೆ.